ತೋಟದ ವಸ್ತಿ, ಮಜರೆ, ಕುಗ್ರಾಮ: ನಮ್ಮೂರನ್ನ ಏನಂತ ಬರೆಯೋದು?

ಪ್ರಶ್ನೆ: ಪುಣೆಯ ಪಿಂಪ್ರಿಯಲ್ಲಿ ಹದಿನೆಂಟು ವರ್ಷದಿಂದ ಇದ್ದೇವೆ. ಮೂಲ ಊರು ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಒಂದು ತೋಟದ ವಸ್ತಿ. ಮೂವತ್ತು ಮೂವತ್ತೈದು ಮನೆ ಇರಬಹುದು. ಮಾವನವರು ತೀರಿಕೊಂಡ ಮೇಲೆ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಕಾಗದ ಹೊಂದಿಸುತ್ತಿದ್ದೇವೆ. ಪಹಣಿಯಲ್ಲಿ ನಾಲ್ಕು ಕಿಲೋಮೀಟರ್ ಆಚೆಗಿನ ಊರಿನ ಹೆಸರಿದೆ, ನಮ್ಮವರ ಆಧಾರ್‌ನಲ್ಲಿ ವಸ್ತಿಯ ಹೆಸರಿದೆ, ಪಂಚಾಯಿತಿಯ ಹಳೆಯ ಕಾಗದವೊಂದರಲ್ಲಿ ‘ಮಜರೆ’ ಎಂದಿದೆ. ಇಲ್ಲಿ ಅಫಿಡವಿಟ್ ಟೈಪ್ ಮಾಡಿಕೊಟ್ಟವರು ಎರಡು ಹೆಸರಿನ ನಡುವೆ ‘ಉರ್ಫ್’ ಹಾಕಿದ್ದಾರೆ. ಅದರ ಮೇಲೆ ಇನ್ನೊಂದು. ಮಗಳು ಶಾಲೆಯ ಫಾರ್ಮಿನಲ್ಲಿ ಮೂಲ ಊರಿನ ಮುಂದೆ ‘ವಸ್ತಿ’ ಅಂತ ಬರೆದಾಗ ‘ಝೋಪಡಪಟ್ಟಿನಾ?’ ಎಂದು ಕೇಳಿದರಂತೆ. ನಿಘಂಟು ನೋಡಿದರೆ ಹ್ಯಾಮ್ಲೆಟ್ ಎಂದರೆ ‘ಕುಗ್ರಾಮ’ ಅಂತಿದೆ. ‘ನಮ್ಮೂರು ಕೆಟ್ಟ ಊರಾ ಅಮ್ಮ?’ ಎನ್ನುತ್ತಾಳೆ. ಸರಿಯಾದ ಪದ ಯಾವುದು? ಮಜರೆ ಅಂದರೆ ನಮ್ಮದು ಊರೇ ಅಲ್ಲವೇ?

ಉತ್ತರ: ಮೊದಲು ಮಗಳ ಪ್ರಶ್ನೆ. ನಿಮ್ಮೂರು ಊರೇ, ಕೆಟ್ಟ ಊರಂತೂ ಅಲ್ಲ. ‘ಕುಗ್ರಾಮ’ ಸಂಸ್ಕೃತದಿಂದ ಬಂದ ಪದ, ಅಲ್ಲಿ ‘ಕು’ ಎಂದರೆ ಕೀಳು, ಕ್ಷುದ್ರ. ಕುರೂಪ, ಕುತಂತ್ರ, ಕುಖ್ಯಾತಿಗಳಲ್ಲಿ ಇರುವುದೂ ಅದೇ ‘ಕು’. ಪತ್ರಿಕೆಗಳು ದೂರದ, ಬಸ್ಸು ಹೋಗದ ಹಳ್ಳಿಗೆ ಈ ಪದ ಬಳಸಿ ಬಳಸಿ ಅದರ ಮೊನೆ ಸವೆದಿದೆ. ‘ಕುಗ್ರಾಮದಿಂದ ಬಂದು ಸಾಧಿಸಿದ ಹುಡುಗಿ’ ಎಂದು ಮೆಚ್ಚುಗೆಯಿಂದಲೇ ಬರೆಯುತ್ತಾರೆ. ಆದರೂ ಆ ಊರಿನವರು ಅದನ್ನು ಓದಿದಾಗ ಒಂದು ಮುಳ್ಳು ಚುಚ್ಚಿಯೇ ಚುಚ್ಚುತ್ತದೆ. ಅನುವಾದದಲ್ಲಾಗಲಿ ಶಾಲೆಯ ಪ್ರಬಂಧದಲ್ಲಾಗಲಿ ಈ ಪದ ಬೇಡ. ‘ಪುಟ್ಟ ಹಳ್ಳಿ’ ಅನ್ನಿ, ‘ಮೂವತ್ತು ಮನೆಯ ಊರು’ ಅನ್ನಿ. ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದ ಕೊಡಲೇಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ಇಂಗ್ಲಿಷಿನ ಹ್ಯಾಮ್ಲೆಟ್ಟಿಗೂ ನಮ್ಮ ಪದಗಳಿಗೂ ಅಳತೆ ಹೊಂದದಿರುವುದಕ್ಕೆ ಕಾರಣವಿದೆ. ಆ ಪದ ಹಳೆಯ ಫ್ರೆಂಚಿನಿಂದ ಬಂದದ್ದು, ಅದರ ಬೇರಿನಲ್ಲಿ ‘ಮನೆ’ ಎಂಬ ಅರ್ಥವಿದೆ. ಇಂಗ್ಲೆಂಡಿನ ರೂಢಿಯಲ್ಲಿ ಸ್ವಂತ ಚರ್ಚು ಇದ್ದರೆ ವಿಲೇಜ್, ಇಲ್ಲದಿದ್ದರೆ ಹ್ಯಾಮ್ಲೆಟ್. ನಮ್ಮಲ್ಲಿ ಗುಡಿಯನ್ನಿಟ್ಟು ಹೀಗೆ ಅಳೆಯಲು ಆಗದು. ಹತ್ತು ಮನೆಯ ಹಟ್ಟಿಗೂ ಒಂದು ದೇವರಿರುತ್ತದೆ, ಪ್ರತಿ ತಾಂಡಾದಲ್ಲೂ ಸೇವಾಲಾಲರ, ಮರಿಯಮ್ಮನ ಗುಡಿ ಇರುತ್ತದೆ. ಕನ್ನಡ ಊರನ್ನು ಗುರುತಿಸುವಾಗ ಕೇಳುವುದು ಬೇರೆಯದನ್ನೇ: ಅಲ್ಲಿ ಯಾರು ನೆಲೆಸಿದರು, ಏನು ಮಾಡಿಕೊಂಡು ನೆಲೆಸಿದರು?

ಹಟ್ಟಿ ಎಂದರೆ ಮೂಲತಃ ದನಕುರಿಗಳನ್ನು ಕೂಡುವ ಜಾಗ. ಚಿತ್ರದುರ್ಗ, ತುಮಕೂರು ಕಡೆ ಗೊಲ್ಲರಹಟ್ಟಿ ಎಂದು ಊರೇ ಆಯಿತು. ಕರಾವಳಿಯಲ್ಲಿ ಇಂದಿಗೂ ಹಟ್ಟಿ ಎಂದರೆ ದನದ ಕೊಟ್ಟಿಗೆ, ಹಟ್ಟಿಗೊಬ್ಬರ ಎಂದರೆ ಕೊಟ್ಟಿಗೆಯ ಗೊಬ್ಬರ. ಹಾಗಾಗಿ ಮುಂಬೈಯಲ್ಲಿರುವ ಉಡುಪಿಯವರ ಮುಂದೆ ‘ನಮ್ಮ ಹಟ್ಟಿ’ ಅಂದರೆ ಅವರಿಗೆ ಮನೆಗಳ ಬದಲು ಹಸು ಕಾಣುತ್ತದೆ. ದೊಡ್ಡಿಯೂ ದನ ಕೂಡುವ ಜಾಗವೇ, ರಾಮನಗರ-ಮಂಡ್ಯ ಸೀಮೆಯಲ್ಲಿ ಎಷ್ಟೋ ಊರಿನ ಹೆಸರಿನ ಬಾಲ ಅದು. ಲಂಬಾಣಿಗರದು ತಾಂಡಾ. ಜೇನುಕುರುಬರದು ಹಾಡಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರದು ಪೋಡು. ನಂಜನಗೂಡಿನ ಸುತ್ತ ಹುಂಡಿ, ಮೈಸೂರು-ಮಂಡ್ಯದಲ್ಲಿ ಕೊಪ್ಪಲು. ಪಾಳ್ಯ ಎಂದರೆ ಸೈನ್ಯ ಬೀಡುಬಿಟ್ಟ ಜಾಗ. ಸಿಂಧನೂರು-ಗಂಗಾವತಿಯಲ್ಲಿ ತುಂಗಭದ್ರಾ ನಾಲೆಯ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ನೆಲೆಸಿದ ಜಾಗಗಳಿಗೆ ‘ಕ್ಯಾಂಪ್’ ಎಂದೇ ಹೆಸರು ನಿಂತಿದೆ. ಇವೆಲ್ಲವನ್ನೂ ಇಂಗ್ಲಿಷ್ ಒಂದೇ ಬುಟ್ಟಿಗೆ ಹಾಕಿ ಹ್ಯಾಮ್ಲೆಟ್ ಎನ್ನುತ್ತದೆ.

ದೊಡ್ಡ ಊರಿಗೆ ಅಂಟಿಕೊಂಡ ಚಿಕ್ಕ ಊರಿಗೆ ಕನ್ನಡದಲ್ಲೇ ಒಂದು ಹಳೆಯ ಪದವಿತ್ತು, ಕಾಲುವಳ್ಳಿ. ಶಾಸನಗಳಲ್ಲಿ, ಅದರಲ್ಲೂ ವಿಜಯನಗರ ಕಾಲದ ದಾನಶಾಸನಗಳಲ್ಲಿ, ಒಂದು ಗ್ರಾಮವನ್ನು ಅದರ ಕಾಲುವಳ್ಳಿಗಳ ಸಮೇತ ದತ್ತಿ ಬಿಟ್ಟ ಮಾತು ಬರುತ್ತದೆ. ಹಳ್ಳಿಯ ಹಳೆಯ ರೂಪ ಪಳ್ಳಿ. ಪಾಲು ಹಾಲಾದಂತೆ, ಪೂ ಹೂವಾದಂತೆ ಪಳ್ಳಿ ಹಳ್ಳಿಯಾಯಿತು. ಸಮಾಸದಲ್ಲಿ ಮಾತ್ರ ‘ಪ’ ಹೋಗಿ ‘ವ’ ಬಂದು ಕಾಲುವಳ್ಳಿ ಎಂದು ನಿಂತಿತು. ಹ್ಯಾಮ್ಲೆಟ್ಟಿಗೆ ಇಷ್ಟು ಹತ್ತಿರದ ಪದ ನಮ್ಮಲ್ಲಿ ಬೇರೊಂದಿಲ್ಲ. ಬಳಕೆ ತಪ್ಪಿಹೋಗಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ಆದರೆ ಇಂದಿನ ಅರ್ಜಿಯಲ್ಲಿ ಇದನ್ನು ಬರೆದರೆ ಯಾರಿಗೂ ತಿಳಿಯದು. ಅದು ಮಗಳ ಪ್ರಬಂಧಕ್ಕೆ ಇರಲಿ.

ಇನ್ನು ವಸ್ತಿ. ನಿಮ್ಮ ಮಗಳ ಶಾಲೆಯಲ್ಲಿ ಕೇಳಿದವರದೂ ಪೂರ್ತಿ ತಪ್ಪಲ್ಲ. ಅವರ ಕಿವಿಗೆ ಬಿದ್ದದ್ದು ಪುಣೆಯ ವಸ್ತಿ, ನೀವು ಹೇಳಿದ್ದು ಇಂಡಿಯ ವಸ್ತಿ. ಎರಡರ ಮೂಲವೂ ಸಂಸ್ಕೃತದ ‘ವಸತಿ’, ಅಂದರೆ ನೆಲೆ, ತಂಗುವ ತಾಣ. ಅದೇ ಪದ ಕನ್ನಡದಲ್ಲಿ ತದ್ಭವವಾಗಿ ‘ಬಸದಿ’ಯಾಗಿ ಜೈನರ ದೇವಾಲಯಕ್ಕೆ ಹೆಸರಾಯಿತು. ಹಿಂದಿಯಲ್ಲಿ ‘ಬಸ್ತಿ’ ಆಯಿತು. ಮುಂಬೈ-ಪುಣೆಯಂಥ ನಗರಗಳ ಮಾತಿನಲ್ಲಿ ‘ವಸ್ತಿ’ ಎಂದರೆ ಬಹಳ ಸಲ ಬಡವರ ಗುಡಿಸಲುಗಳ ನೆಲೆ. ನಿಮ್ಮ ಕಡೆ ಹಾಗಲ್ಲ. ವಿಜಯಪುರ, ಅಥಣಿ, ರಾಯಬಾಗ, ಅತ್ತ ಸೊಲ್ಲಾಪುರದ ಗಡಿಯವರೆಗೆ ರೈತರು ಊರೊಳಗಿನ ಮನೆ ಬಿಟ್ಟು ತಮ್ಮ ಬಾವಿ, ತಮ್ಮ ತೋಟದ ಹತ್ತಿರವೇ ಮನೆ ಕಟ್ಟಿಕೊಂಡರು. ಅಣ್ಣತಮ್ಮಂದಿರ ಮನೆ ಸೇರಿ ಐದಾಯಿತು, ಹತ್ತಾಯಿತು, ಅದು ವಸ್ತಿ. ಹಲವು ವಸ್ತಿಗಳಿಗೆ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೂ ಇದೆ, ಶಾಲೆಯ ಹೆಸರಿನಲ್ಲೇ ‘ತೋಟ’, ‘ವಸ್ತಿ’ ಎಂದಿರುತ್ತದೆ. ಅಂದರೆ ನಿಮ್ಮ ವಸ್ತಿ ಹೊಲ ಉಳ್ಳವರ ನೆಲೆ. ಅಷ್ಟೇ ಅಲ್ಲ, ರಾತ್ರಿ ಊರಿಗೆ ಬಂದು ಅಲ್ಲೇ ತಂಗಿ ನಸುಕಿನಲ್ಲಿ ಹೊರಡುವ ಬಸ್ಸಿಗೆ ನಿಮ್ಮ ಕಡೆ ‘ವಸ್ತಿ ಬಸ್ಸು’ ಅನ್ನುವುದಿಲ್ಲವೇ? ಪದದ ಮೂಲ ಅರ್ಥ ಆ ಬಸ್ಸಿನಲ್ಲಿ ಹಾಗೇ ಉಳಿದಿದೆ. ಮಗಳಿಗೆ ಇದನ್ನು ಹೇಳಿ.

ಹೀಗೆ ಎಡವಿಸುವ ಪದಗಳು ಇಲ್ಲಿ ಇನ್ನೂ ಇವೆ. ಪುಣೆಯಲ್ಲಿ ವಾಡಾ ಎಂದರೆ ಶನಿವಾರವಾಡಾದಂಥ ಚೌಕದ ದೊಡ್ಡ ಮನೆ, ನಮ್ಮ ಉತ್ತರ ಕರ್ನಾಟಕದ ಗೌಡರ, ದೇಸಾಯರ ‘ವಾಡೆ’ಯೂ ಅದೇ. ಮುಂಬೈಯ ಕೋಳಿವಾಡಾದಲ್ಲಿ ವಾಡಾ ಎಂದರೆ ಮೀನುಗಾರರ ಕೇರಿ. ಗೋವಾದಲ್ಲಿ ವಾಡೊ ಎಂದರೆ ಊರಿನ ಒಂದು ಭಾಗ, ಅಲ್ಲಿ ವಿಳಾಸದಲ್ಲಿ ಮನೆ ನಂಬರಿನ ನಂತರ ವಾಡೊ, ಆಮೇಲೆ ಗ್ರಾಮ, ಆಮೇಲೆ ಬಾರ್ದೇಶ್, ಸಾಲಸೇಟೆ ಎಂದು ತಾಲ್ಲೂಕು ಬರುತ್ತದೆ. ಮರಾಠಿಯ ‘ವಾಡಿ’ ನಿಮ್ಮ ವಸ್ತಿಗೆ ಹತ್ತಿರ, ಆದರೆ ಗಿರಗಾಂವದ ಖೋತಾಚಿವಾಡಿ ಈಗ ನಡು ಮುಂಬೈಯ ಗಲ್ಲಿ. ಮುಂಬೈಯ ಆರೆ ಕಾಡಿನಲ್ಲಿ ವಾರ್ಲಿ ಆದಿವಾಸಿಗಳ ನೆಲೆ ‘ಪಾಡಾ’. ನಿಮ್ಮ ವಸ್ತಿಯನ್ನು ಮರಾಠಿ ಕಾಗದದಲ್ಲಿ ‘ವಾಡಿ’ ಎಂದು ಬದಲಿಸುವ ಆಸೆ ಅನುವಾದಕರಿಗೆ ಬರುತ್ತದೆ, ಹಾಗೆ ಮಾಡಲು ಬಿಡಬೇಡಿ. ಹೆಸರಿನ ಭಾಗವಾದ ಪದವನ್ನು ಅನುವಾದಿಸಿದರೆ ಹೆಸರೇ ಬದಲಾಗುತ್ತದೆ.

ಕೇರಿ ಎಂಬ ಪದದಲ್ಲೂ ಎಚ್ಚರವಿರಲಿ. ಉತ್ತರ ಕನ್ನಡ, ಕರಾವಳಿಯಲ್ಲಿ ಕೇರಿ ಎಂದರೆ ಬೀದಿ, ಮನೆಗಳ ಸಾಲು. ಬಯಲುಸೀಮೆಯಲ್ಲಿ ‘ಊರು-ಕೇರಿ’ ಎಂಬ ಜೋಡಿಯೊಳಗೆ ದಲಿತರನ್ನು ಊರಾಚೆ ಇಟ್ಟ ನೋವು ಕೂತಿದೆ. ಮಹಾರಾಷ್ಟ್ರ ಸರ್ಕಾರ 2020ರ ಡಿಸೆಂಬರಿನಲ್ಲಿ ಜಾತಿಯ ಹೆಸರು ಹೊತ್ತ ವಾಡಾ, ವಸ್ತಿ, ರಸ್ತೆಗಳ ಹೆಸರು ಬದಲಿಸಲು ತೀರ್ಮಾನಿಸಿದ್ದು ಇದೇ ಕಾರಣಕ್ಕೆ. ಒಳ್ಳೆಯ ಕೆಲಸ. ಅಂಥ ಕಡೆ ಮನೆಯಿರುವವರು ಹಳೆಯ ಹೆಸರಿನ ಒಂದು ಕಾಗದವನ್ನೂ ಹೊಸ ಹೆಸರಿನ ಒಂದು ಕಾಗದವನ್ನೂ ಜೊತೆಗಿಟ್ಟುಕೊಳ್ಳಬೇಕು.

ಈಗ ಮಜರೆಗೆ ಬರೋಣ. ನಿಮ್ಮ ಕಾಗದಗಳ ಗಂಟು ಇರುವುದು ಇಲ್ಲೇ. ಮಜರೆ ಅರಬ್ಬಿ ಮೂಲದ ಪದ, ಅಲ್ಲಿ ಅದಕ್ಕೆ ಉಳುವ ಹೊಲ ಎಂಬರ್ಥ. ಕಂದಾಯದ ಭಾಷೆಯಲ್ಲಿ ಅದು ಒಂದು ಮುಖ್ಯ ಗ್ರಾಮದ ಎಲ್ಲೆಯೊಳಗೆ, ಹೊಲಗಳ ನಡುವೆ ಹುಟ್ಟಿಕೊಂಡ ಪ್ರತ್ಯೇಕ ನೆಲೆ. ಕೊಲ್ಲಾಪುರ ಜಿಲ್ಲೆ ಚಂದಗಡ ತಾಲ್ಲೂಕಿನ ಮಜರೆ ಕಾರ್ವೆಯಂತೆ ಅದು ಊರಿನ ಹೆಸರಿಗೇ ಅಂಟಿಕೊಂಡ ಉದಾಹರಣೆಗಳೂ ಇವೆ. ವಿಜಯಪುರ, ಬೆಳಗಾವಿ, ಧಾರವಾಡಗಳು 1956ರ ನವೆಂಬರ್ 1ರವರೆಗೆ ಮುಂಬೈ ರಾಜ್ಯದಲ್ಲಿದ್ದವು. ಅದಕ್ಕೇ ಮಜರೆ, ಗಾವಠಾಣ (ಊರಿನ ಮನೆಗಳಿರುವ ಜಾಗ), ಬುದ್ರುಕ್, ಖುರ್ದ್ ಮುಂತಾದವು ಪುಣೆಯ ತಲಾಠಿಗೂ, ಅಂದರೆ ಗ್ರಾಮ ಲೆಕ್ಕಿಗರಿಗೂ, ಇಂಡಿಯವರಿಗೂ ಒಂದೇ ಥರ ತಿಳಿಯುತ್ತವೆ, ಮೈಸೂರಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಪುಣೆಯ ಆಂಬೇಗಾಂವ್ ಬುದ್ರುಕ್, ಆಂಬೇಗಾಂವ್ ಖುರ್ದ್ ಇದ್ದಂತೆ ಬೆಳಗಾವಿಯಲ್ಲಿ ಕಂಗ್ರಾಳಿ ಬಿ.ಕೆ., ಕಂಗ್ರಾಳಿ ಕೆ.ಎಚ್. ಇವೆ. ಪಾರಸಿಯಲ್ಲಿ, ಬುದ್ರುಕ್‌ನ ಮೂಲವಾದ ಬುಜುರ್ಗ್ ಎಂದರೆ ಹಿರಿಯ, ಖುರ್ದ್ ಎಂದರೆ ಕಿರಿಯ. ನಮ್ಮ ಹಿರೇ-ಚಿಕ್ಕ, ದೊಡ್ಡ-ಚಿಕ್ಕಗಳ ಲೆಕ್ಕವೇ. ಕಾಗದದಲ್ಲಿ ಈ ಎರಡಕ್ಷರ ಬಿಟ್ಟರೆ ಆಸ್ತಿ ಪಕ್ಕದೂರಿಗೆ ಹೋಗಿ ಕೂರುತ್ತದೆ. (ದಕ್ಷಿಣ ಕನ್ನಡದವರಿಗೆ ಒಂದು ಮಾತು: ನಿಮ್ಮ ‘ಮಜಲು’ ಬೇರೆ. ತಗ್ಗಿನ ಗದ್ದೆ ಬೈಲು, ನಡುವಿನದು ಮಜಲು, ಮೇಲಿನದು ಬೆಟ್ಟು. ಅವು ಗದ್ದೆಯ ಮಟ್ಟದ ಹೆಸರುಗಳು, ಮಜರೆಗೂ ಅದಕ್ಕೂ ಸಂಬಂಧವಿಲ್ಲ.)

‘ಮಜರೆ ಅಂದರೆ ಊರೇ ಅಲ್ಲವೇ’ ಎಂದು ಕೇಳಿದ್ದೀರಿ. ಗ್ರಾಮ ಮತ್ತು ಊರು ಎರಡೂ ಒಂದೇ ಎಂದುಕೊಂಡಾಗ ಈ ಸಂಶಯ ಹುಟ್ಟುತ್ತದೆ. ಕಂದಾಯ ಗ್ರಾಮ ಎಂದರೆ ನಕ್ಷೆಯ ಮೇಲೆ ಎಲ್ಲೆ ಹಾಕಿದ ನೆಲ: ಹೊಲ, ಹಳ್ಳ, ಗೋಮಾಳ, ರಸ್ತೆ, ಮನೆ ಎಲ್ಲ ಸೇರಿದ್ದು. ಅದರಲ್ಲಿ ಜನ ಇರಲೇಬೇಕೆಂದಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ಗ್ರಾಮಗಳು 29,340, ಅವುಗಳಲ್ಲಿ ಜನವಸತಿ ಇದ್ದದ್ದು 27,397ರಲ್ಲಿ ಮಾತ್ರ. ಉಳಿದವು ನಮ್ಮ ದಫ್ತರದ ಮಾತಿನಲ್ಲಿ ‘ಬೇಚರಾಕ್’, ಪಾರಸಿಯ ‘ಬೇ-ಚಿರಾಗ್’, ಅಂದರೆ ದೀಪ ಹಚ್ಚುವವರಿಲ್ಲದ ಗ್ರಾಮಗಳು. ಒಬ್ಬರೂ ಇಲ್ಲದ ನೆಲ ಗ್ರಾಮ ಎನಿಸಿಕೊಂಡಿದೆ, ಮೂವತ್ತೈದು ಮನೆಯ ದೀಪ ಉರಿಯುವ ನಿಮ್ಮ ವಸ್ತಿ ಎನಿಸಿಕೊಂಡಿಲ್ಲ. ಇದರಲ್ಲಿ ಊರಿನ ಗೌರವದ ಪ್ರಶ್ನೆಯೇ ಇಲ್ಲ, ಸರ್ವೆ ಮಾಡಿದ ಕಾಲದಲ್ಲಿ ಎಲ್ಲೆ ಎಲ್ಲಿ ಬಿತ್ತು ಎಂಬುದಷ್ಟೇ.

ಸರ್ಕಾರವೇ ಒಂದೊಂದು ಕೆಲಸಕ್ಕೆ ಒಂದೊಂದು ಅಳತೆ ಹಿಡಿಯುತ್ತದೆ. ಜಮೀನಿಗೆ ಗ್ರಾಮ, ರಸ್ತೆ ಮತ್ತು ಕುಡಿಯುವ ನೀರಿಗೆ ‘ಜನವಸತಿ’. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದಲ್ಲಿ ಶುರುವಾದಾಗ ಬಯಲು ಪ್ರದೇಶದಲ್ಲಿ 500 ಜನರಿರುವ, ಗುಡ್ಡಗಾಡಿನಲ್ಲಿ 250 ಜನರಿರುವ ಜನವಸತಿಗಳನ್ನು ಲೆಕ್ಕ ಹಿಡಿದದ್ದೇ ಹೊರತು ಗ್ರಾಮಗಳನ್ನಲ್ಲ. ಆದ್ದರಿಂದ ಕಚೇರಿಯ ಕಾಗದದಲ್ಲಿ ಹ್ಯಾಮ್ಲೆಟ್ಟಿಗೆ ಮಜರೆ ಅಥವಾ ಜನವಸತಿ ಎರಡೂ ನಡೆಯುತ್ತವೆ. ಜಮೀನಿನ ವಿಷಯವಾದರೆ ಮಜರೆ, ಜನರ ಸೌಲಭ್ಯದ ವಿಷಯವಾದರೆ ಜನವಸತಿ.

ಮಜರೆಯನ್ನೋ ತಾಂಡಾವನ್ನೋ ಪ್ರತ್ಯೇಕ ಕಂದಾಯ ಗ್ರಾಮವಾಗಿ ಘೋಷಿಸಲು ಸಾಧ್ಯವಿದೆ. ಬೇರೆಯವರ ಜಮೀನಿನ ಮೇಲೆ ತಲೆಮಾರುಗಳಿಂದ ಮನೆ ಕಟ್ಟಿಕೊಂಡಿದ್ದ ದಾಖಲೆರಹಿತ ಜನವಸತಿಗಳವರಿಗೆ ಮನೆಯ ಹಕ್ಕು ಕೊಡಲು ಕರ್ನಾಟಕ ಭೂ ಸುಧಾರಣೆ ಕಾಯ್ದೆಗೆ 38ಎ ಕಲಮು ಸೇರಿತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಅವರ ಪಾಲಿಗೆ ‘ಕಂದಾಯ ಗ್ರಾಮ’ ಎಂಬ ಎರಡು ಪದ ತಲೆಯ ಮೇಲಿನ ಸೂರು. ನಿಮ್ಮ ಮನೆ ನಿಮ್ಮದೇ ಹೊಲದಲ್ಲಿರುವುದರಿಂದ ನಿಮಗೆ ಆ ದಾರಿ ಬೇಕಿಲ್ಲ, ಪೌತಿ ಖಾತೆಗಾಗಿ ಯಾರಾದರೂ ‘ಮೊದಲು ವಸ್ತಿಯನ್ನು ಗ್ರಾಮ ಮಾಡಿಸಿ’ ಎಂದರೆ ಕಿವಿಗೊಡಬೇಡಿ.

ನಿಮ್ಮ ಅಫಿಡವಿಟ್ ಮಾತ್ರ ಬದಲಾಗಲೇಬೇಕು. ‘ಉರ್ಫ್’ ಎಂದರೆ ಒಂದೇ ವ್ಯಕ್ತಿಗೆ ಅಥವಾ ಸ್ಥಳಕ್ಕೆ ಎರಡು ಹೆಸರು. ನಿಮ್ಮಲ್ಲಿರುವುದು ಒಂದರೊಳಗೆ ಇನ್ನೊಂದು. ‘ಇಂಥ ಗ್ರಾಮ ಉರ್ಫ್ ಇಂಥ ವಸ್ತಿ’ ಎಂದು ಪ್ರಮಾಣ ಮಾಡಿದರೆ ನೀವು ಸುಳ್ಳಲ್ಲದ ವಿಷಯವನ್ನು ಸುಳ್ಳಾಗಿ ಹೇಳಿದಂತಾಗುತ್ತದೆ. ನಾಳೆ ಅದೇ ಗ್ರಾಮದ ಇನ್ನೊಂದು ವಸ್ತಿಯವರೊಂದಿಗೆ ಹಾದಿಯದೋ ಬಾವಿಯದೋ ತಕರಾರು ಬಂದರೆ ಈ ಕಾಗದವನ್ನೇ ನಿಮ್ಮ ಎದುರು ಹಿಡಿಯಬಹುದು. ಅದರ ಬದಲು ಹೀಗೆ ಬರೆಸಿ: ‘ಅರ್ಜಿದಾರರ ಆಧಾರ್‌ನಲ್ಲಿ ನಮೂದಾಗಿರುವ ಇಂಥ ವಸ್ತಿಯು, ಪಹಣಿಯಲ್ಲಿ ನಮೂದಾಗಿರುವ ಇಂಥ ಕಂದಾಯ ಗ್ರಾಮದ ವ್ಯಾಪ್ತಿಯೊಳಗಿನ ಮಜರೆಯಾಗಿದ್ದು, ಸರ್ವೆ ನಂಬರ್ ಇಷ್ಟು, ಹಿಸ್ಸಾ ಇಷ್ಟರ ಜಮೀನು ಸದರಿ ಗ್ರಾಮಕ್ಕೆ ಸೇರಿದೆ.’

ಇದಕ್ಕೆ ಬೆಂಬಲವಾಗಿ ಗ್ರಾಮ ಆಡಳಿತ ಅಧಿಕಾರಿಯಿಂದ, ಅಂದರೆ ಮುಂಚೆ ಗ್ರಾಮ ಲೆಕ್ಕಿಗ ಎನ್ನುತ್ತಿದ್ದವರಿಂದ, ವಸ್ತಿ ಆ ಗ್ರಾಮಕ್ಕೆ ಸೇರಿದೆ ಎಂಬ ಒಂದು ದೃಢೀಕರಣ ತನ್ನಿ. ಸಿಗದಿದ್ದರೆ ಪಂಚಾಯಿತಿಯ ಪಿಡಿಒ ಅವರಿಂದ ತನ್ನಿ, ಆದರೆ ಅದು ವಾಸದ ಬಗ್ಗೆ ಗಟ್ಟಿ, ಜಮೀನಿನ ಬಗ್ಗೆ ಅಷ್ಟು ಗಟ್ಟಿಯಲ್ಲ. ಗಾವಠಾಣದೊಳಗಿನ ಮನೆಯಾದರೆ ಪಂಚಾಯಿತಿಯ ಇ-ಸ್ವತ್ತು ನಮೂನೆ 9, 11 ಇರುತ್ತವೆ. ನಿಮ್ಮಂತೆ ಹೊಲದಲ್ಲಿ ಮನೆಯಿರುವವರಿಗೆ ಪಹಣಿಯೇ ಮೂಲ, ಅದರ ತಲೆಬರಹದ ಗ್ರಾಮದ ಹೆಸರನ್ನು ಒಂದಕ್ಷರವೂ ಬದಲಿಸದೆ ಎತ್ತಿಕೊಳ್ಳಿ. ಪಹಣಿಗೆ ಹೊಂದಲೆಂದು ಆಧಾರ್‌ನಲ್ಲಿ ವಸ್ತಿಯ ಹೆಸರು ತೆಗೆಸಿಹಾಕುವವರಿದ್ದಾರೆ. ಬೇಡ. ಅಂಚೆಯವರಿಗೆ ಮನೆ ಗೊತ್ತಾಗುವುದು ಆ ಹೆಸರಿನಿಂದಲೇ. ಇತ್ತ ವಸ್ತಿಯ ಹೆಸರೊಂದನ್ನೇ ಬರೆದರೂ ಕಷ್ಟ, ಪಾಟೀಲ ವಸ್ತಿ, ಬಿರಾದಾರ ವಸ್ತಿ ಎಂಬ ಮನೆತನದ ಹೆಸರುಗಳು ಒಂದೇ ತಾಲ್ಲೂಕಿನಲ್ಲಿ ಹಲವು ಇರುತ್ತವೆ. ಪರಿಶೀಲನೆಗೆ ಹೋದ ಪತ್ರ ‘ಈ ಹೆಸರಿನ ಗ್ರಾಮ ಇಲ್ಲ’ ಎಂದು ಹಿಂದಿರುಗುವುದು ಇಂಥಲ್ಲೇ.

ಇಂಗ್ಲಿಷ್ ಕಾಗುಣಿತವನ್ನೂ ಒಂದೇ ಥರ ಇಟ್ಟುಕೊಳ್ಳಿ. ವಸ್ತಿಯನ್ನು ಒಬ್ಬರು ‘ವಿ’ಯಿಂದ, ಇನ್ನೊಬ್ಬರು ‘ಡಬ್ಲ್ಯು’ವಿನಿಂದ ಬರೆಯುತ್ತಾರೆ. ಆಧಾರ್‌ನಲ್ಲಿ ಹೇಗಿದೆಯೋ ಹಾಗೆ. ಗ್ರಾಮದ ಹೆಸರಿನ ಕಾಗುಣಿತದಲ್ಲಿ ಗೊಂದಲವಾದರೆ ಜನಗಣತಿಯ ಆರಂಕಿಯ ಗ್ರಾಮ ಸಂಕೇತವನ್ನು ಪಕ್ಕದಲ್ಲಿ ಬರೆಯಿರಿ, ಹೆಸರು ಹೇಗೇ ಇದ್ದರೂ ಅಂಕಿ ತಪ್ಪದು. ಮಾವನವರ ಹಳೆಯ ಕಾಗದಗಳಲ್ಲಿ ಜಿಲ್ಲೆ ‘ಬಿಜಾಪುರ’ ಎಂದಿರುತ್ತದೆ. 2014ರ ನವೆಂಬರ್ 1ರಿಂದ ಅದು ವಿಜಯಪುರ. ‘ಉರ್ಫ್’ ಅಲ್ಲದಿದ್ದರೂ ‘ಹಿಂದಿನ ಬಿಜಾಪುರ’ ಎಂದು ಇಲ್ಲಿ ಧಾರಾಳವಾಗಿ ಬರೆಯಬಹುದು, ಏಕೆಂದರೆ ಇದು ನಿಜಕ್ಕೂ ಒಂದೇ ಜಾಗದ ಎರಡು ಹೆಸರು.

ಶಾಲೆಯ ಫಾರ್ಮಿನಲ್ಲಿ ‘ಗಾವ್’ ಅಥವಾ ‘ವಿಲೇಜ್’ ಎಂಬ ಒಂದೇ ಚೌಕವಿದ್ದರೆ ಅಲ್ಲಿ ಕಂದಾಯ ಗ್ರಾಮದ ಹೆಸರು ಬರೆಯಿರಿ. ವಿಳಾಸದ ಸಾಲು ಬೇರೆ ಇದ್ದರೆ ಮನೆತನದ ಹೆಸರಿನ ವಸ್ತಿ ಮೊದಲು, ಆಮೇಲೆ ಗ್ರಾಮ, ಹೋಬಳಿ, ತಾಲ್ಲೂಕು ಇಂಡಿ, ಜಿಲ್ಲೆ ವಿಜಯಪುರ, ಪಿನ್. ಮಹಾರಾಷ್ಟ್ರದ ಕಂದಾಯ ವ್ಯವಸ್ಥೆಯಲ್ಲಿ ಹೋಬಳಿ ಇಲ್ಲ, ಇಲ್ಲಿಯವರು ಅದನ್ನು ಊರಿನ ಹೆಸರೆಂದು ತಿಳಿಯುವ ಸಂಭವವಿದೆ. ಹಾಗಾಗಿ ಹೋಬಳಿಯ ಹೆಸರಿನ ಮುಂದೆ ‘ಹೋಬಳಿ’ ಎಂದು ಬಿಡದೆ ಬರೆಯಿರಿ. ಮಗಳಿಗೆ ಯಾರಾದರೂ ಮತ್ತೆ ಕೇಳಿದರೆ ಮರಾಠಿಯಲ್ಲಿ ‘ಶೇತಾತಲೀ ವಸ್ತಿ’ ಎನ್ನಲಿ, ಅಂದರೆ ಹೊಲದೊಳಗಿನ ವಸ್ತಿ. ಸೊಲ್ಲಾಪುರ, ಸಾಂಗ್ಲಿ ಕಡೆಯಿಂದ ಬಂದ ಸಹಪಾಠಿಗಳು ತರಗತಿಯಲ್ಲಿ ಇದ್ದೇ ಇರುತ್ತಾರೆ, ಅವರಿಗೆ ಅಷ್ಟು ಹೇಳಿದರೆ ಸಾಕು.